ದಾವಲಬಿ ಆಯಿಯ ಮರೆವು

ಈ ರಂಜಾನಿನಲ್ಲಿ ಪೀರನವಾಡಿಯ ನದಾಫರ ಮನೆಯಲ್ಲಿ ಎಲ್ಲರಿಗೂ ಹಸಿವು ಹೆಚ್ಚಿತು, ದಾವಲಬಿ ಆಯಿಗೆ ಮಾತ್ರ ಮರೆವು ಹೆಚ್ಚಿತು.

ಆಯಿಗೆ ಸಕ್ಕರೆ ಕಾಯಿಲೆ. ಹೋದ ವರ್ಷ ರೋಜಾ ಹಿಡಿದು, ಹಗಲಿಡೀ ಉಪವಾಸವಿದ್ದು, ಬಚ್ಚಲಲ್ಲಿ ಬಿದ್ದಿದ್ದಳು. ಹೊತ್ತಿಗೆ ಸರಿಯಾಗಿ ಉಣ್ಣದೆ ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಕಾಯಿಲೆಯವರು ರೋಜಾ ಬಿಡಬಹುದು, ಬದಲಿಗೆ ಬಡವರಿಗೆ ಊಟ ಹಾಕಿದರೆ ಸಾಕು ಎಂದು ಮಸೀದಿಯ ಮೌಲಾನಾ ಮನೆಗೇ ಬಂದು ಹೇಳಿದರು.

"ಊಟಾನೂ ಹಾಕ್ತೀನ್ರಿ, ರೋಜಾನೂ ಹಿಡಿತೀನ್ರಿ," ಅಂದಳು ಆಯಿ. "ನಾ ಏನ್ ರೋಗಿಷ್ಟಿ ಏನ್ರಿ?"

ಮರೆತು ಉಂಡರೆ ರೋಜಾ ಮುರಿಯುವುದಿಲ್ಲ, ನೆನಪಾದೊಡನೆ ನಿಲ್ಲಿಸಬೇಕು ಅಷ್ಟೇ ಎಂಬ ಮಾತೂ ಮೌಲಾನಾರ ಬಾಯಿಂದಲೇ ಬಂತು. ಮರುದಿನ ಮಧ್ಯಾಹ್ನದಿಂದಲೇ ಆಯಿಗೆ ಮರೆವು ಶುರುವಾಯಿತು.

ಮೊಮ್ಮಗಳು ತಸ್ಲೀಮಾ ದಿನಾ ಒಲೆಯ ಪಕ್ಕ ರೊಟ್ಟಿ, ಪಲ್ಯ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುತ್ತಿದ್ದಳು. ಒಣಗಿದ ಬಟ್ಟೆಯನ್ನೂ ತೆಗೆದು ಮತ್ತೆ ಹಾಕುತ್ತಿದ್ದಳು. ಒಳಗೆ ಹೋದರೆ ನೋಡಬೇಕು, ನೋಡಿದರೆ ನೆನಪಿಸಬೇಕು, ನೆನಪಿಸಿದರೆ ಆಯಿ ಅರ್ಧಕ್ಕೇ ಏಳುತ್ತಾಳೆ, ಸಂಜೆಯೊಳಗೆ ಬೀಳುತ್ತಾಳೆ.

ಹೀಗಿರುವಾಗ ಆಯಿಯ ಹಿರಿಮಗಳು ರಾಜಮಾ ಖಾನಾಪುರದಿಂದ ಹೇಳದೆ ಕೇಳದೆ ಬಂದಳು, ಅದೂ ಸರಿಯಾಗಿ ಮರೆವಿನ ಹೊತ್ತಿಗೆ. ರೋಜಾ ಹಿಡಿದಾಗ ಉಗುಳನ್ನೂ ನುಂಗದ ಹೆಂಗಸು ಅವಳು. ಬಸ್ಸಿನುದ್ದಕ್ಕೂ ಕಿಟಕಿಯಾಚೆ ಉಗುಳುತ್ತಲೇ ಬಂದಿದ್ದಳು.

"ಅವ್ವ ಎಲ್ಲದಾಳ?"

"ಮಲಗ್ಯಾಳ್ರಿ ಅತ್ತಿ."

ಒಳಗಿಂದ ಆಯಿಯ ದನಿ ಬಂತು. "ತಸ್ಲೀಮಾ, ಉಪ್ಪಿನಕಾಯಿ ಎಲ್ಲಿಟ್ಟೀಯವ್ವ?"

ರಾಜಮಾ ಒಳಗೆ ನುಗ್ಗಿದಳು. ಹಿರಿಯರೆದುರು ಎಂದೂ ತಲೆ ಎತ್ತದ ತಸ್ಲೀಮಾ ಅಡುಗೆಮನೆಯ ಹೊಸ್ತಿಲಲ್ಲಿ ಅವಳ ತೋಳು ಹಿಡಿದೆಳೆದಳು.

"ಮರತಾಳ್ರಿ ಅತ್ತಿ. ನೆನಪಿಸಬ್ಯಾಡ್ರಿ. ಮತ್ತ ಬಿದ್ರ ಹೆಂಗ್ರಿ?"

"ಉಪ್ಪಿನಕಾಯಿ ನೆನಪೈತಿ, ರಂಜಾನ್ ನೆನಪಿಲ್ಲೇನ?"

"ದಿನಾ ಹಿಂಗರಿ."

ಆಯಿ ತುತ್ತು ಕೈಯಲ್ಲಿ ಹಿಡಿದೇ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾರವ್ವ ನೀ?"

"ನಿನ್ನ ಮಗಳು. ರಾಜಮಾ."

"ನನ್ನ ಮಗಳು ಖಾನಾಪುರದಾಗ ಇರ್ತಾಳ. ಭಾಳ ಜೋರ ಅದಾಳ. ಆಕಿ ಬರೂದ್ರೊಳಗ ಉಂಡು ಏಳ್ತೀನಿ, ತಡಿ."

ಆಯಿ ತುತ್ತು ಬಾಯಿಗಿಡಲು ಕೈ ಎತ್ತಿದಾಗ ಬಳೆಗಳು ಮೊಣಕೈವರೆಗೆ ಜಾರಿದವು. ರಾಜಮಾ ಅದನ್ನೇ ನೋಡುತ್ತ ನಿಂತಳು. ಆಮೇಲೆ ಅವ್ವನ ಪಕ್ಕ ಕುಳಿತಳು.

"ಆಕಿ ಸಂಜೀಕ ಬರ್ತಾಳಂತ. ಸಾವಕಾಶ ಉಣ್ಣು," ಅಂದಳು.