ಎತ್ತುವ ಮುಂಚಿನ ಹಾಡು

ಸೆಕ್ಟರ್ ಫೈವಿನ ಸಾಫ್ಟ್‌ವೇರ್ ಕಚೇರಿಯ ವಿನಾಯಕನಿಗೆ ದಿನಕ್ಕೊಮ್ಮೆ ಕನ್ನಡ ಕಿವಿಗೆ ಬೀಳದಿದ್ದರೆ ತಿಂದದ್ದು ಕರಗುತ್ತಿರಲಿಲ್ಲ. ಇಡೀ ಕೋಲ್ಕತ್ತೆಯಲ್ಲಿ ಕನ್ನಡದ ಕಾಲರ್ ಟ್ಯೂನ್ ಇದ್ದದ್ದು ಒಂದೇ ಮೊಬೈಲಿಗೆ: ಟಾಲಿಗಂಜಿನ ಸುಬ್ರಹ್ಮಣ್ಯ ಅಂಕಲ್‌ದು. ರೈಲ್ವೆಯಿಂದ ನಿವೃತ್ತರಾದ ಅವರಿಗೆ ಫೋನ್ ಮಾಡಿದರೆ ಟ್ರಿಣ್ ಟ್ರಿಣ್ ಬದಲು ಒಂದು ಹಳೆಯ ಹಾಡು. ಅದನ್ನು ಕೇಳಿದರೆ ಹೂಗ್ಲಿ ನದಿಯೂ ಅರೆಗಳಿಗೆ ಹರಿಯುವುದನ್ನು ಮರೆಯಬೇಕು!

ವಿನಾಯಕ ದಿನಾ ಬೆಳಿಗ್ಗೆ ಆಫೀಸಿನ ಫೋನಿನಿಂದ ಕರೆ ಮಾಡುತ್ತಿದ್ದ. ಪಲ್ಲವಿ ಮುಗಿದದ್ದೇ, ಅವರು ಎತ್ತುವ ಮುಂಚೆ, ಕಟ್. ಕಚೇರಿಯ ಖರ್ಚಿನಲ್ಲಿ ಸಂಗೀತ ಕಚೇರಿ.

ಒಂದು ಭಾನುವಾರ ಸುದ್ದಿ ಬಂತು. ಅಂಕಲ್ ಬಚ್ಚಲಿನಿಂದ ಫೋನಿಗೆ ಓಡಿ, ಜಾರಿ, ಕಾಲು ಮುರಿದುಕೊಂಡಿದ್ದಾರೆ. ಬಂಗಾಳದ ಸಂದೇಶ ಮಿಠಾಯಿಯ ಡಬ್ಬಿ ಹಿಡಿದು ಹೋದ ವಿನಾಯಕನ ಕಣ್ಣಿಗೆ ಆ ಪ್ಲಾಸ್ಟರು ವಿಕ್ಟೋರಿಯಾ ಮೆಮೋರಿಯಲ್ಲಿನಷ್ಟು ಬೆಳ್ಳಗೆ, ಅಷ್ಟೇ ದೊಡ್ಡದಾಗಿ ಕಂಡಿತು. ಅಂಕಲ್ ಮುಖವೋ, ದೀಪಾವಳಿ!

"ಬಾರಪ್ಪ! ನಿಮ್ಮ ಸೆಕ್ಟರ್ ಫೈವಿನ ಕಂಪನಿಯೊಂದು ನನ್ನ ಹಿಂದೆ ಬಿದ್ದಿದೆ ಕಣೋ. ದಿನಾ ಫೋನು! ವಾಪಸ್ ಮಾಡಿದ್ರೆ ಒಬ್ಬಳು ಒಂದು ಒತ್ತು, ಎರಡು ಒತ್ತು ಅಂತಾಳೆ. ಸೆಕ್ಟರ್ ಫೈವ್ ಅನ್ನೋದು ಕೇಳುತ್ತೆ, ಕಂಪನಿ ಹೆಸರು ಹೇಳೋವಾಗ ಮಾತ್ರ ರಾಜಧಾನಿ ಎಕ್ಸ್‌ಪ್ರೆಸ್ಸು. ರಿಟೈರಾದ್ರೇನು, ರೈಲು ಓಡಿಸಿದ ತಲೆ ಯಾರಿಗೆ ಬೇಡ?"

"ಕೋಟು ಬೇರೆ ಹೊಲಿಯೋಕೆ ಹಾಕಿದಾರೆ, ಈ ಸೆಕೇಲಿ," ಎಂದರು ಅವರ ಹೆಂಡತಿ ಕೋಕಿಲಾ ಆಂಟಿ. ಬೈದಂತಿದ್ದರೂ ನಗುತ್ತಿದ್ದರು.

ವಿನಾಯಕನ ಬಾಯಲ್ಲಿದ್ದ ಸಂದೇಶ ಹೌರಾ ಸೇತುವೆಯ ಕಬ್ಬಿಣವಾಯಿತು. ಅದರ ಜೊತೆಗೆ ನಿಜವನ್ನೂ ನುಂಗಿಕೊಂಡು ಮನೆಗೆ ಬಂದ. ಕರೆ ಅಂದರೆ ಫೋನೂ ಹೌದು, ಬಟ್ಟೆಗೆ ಹತ್ತಿದರೆ ಬಿಡದ ಕಲೆಯೂ ಹೌದು. ರಾತ್ರಿಯೆಲ್ಲ ಉಜ್ಜಿದರೂ ಅವನದು ಹೋಗಲಿಲ್ಲ.

ಸೋಮವಾರ ಫೋನ್ ಮಾಡಿದ. ಪಲ್ಲವಿ ಮುಗಿಯಿತು. ಕಟ್ ಮಾಡಲಿಲ್ಲ.

"ಹಲೋ, ಸುಬ್ರಹ್ಮಣ್ಯ ಸ್ಪೀಕಿಂಗ್!" ದನಿಗೆ ಆಗಲೇ ಕೋಟು ತೊಡಿಸಿದ್ದರು.

"ಅಂಕಲ್, ನಾನು ವಿನಾಯಕ. ದಿನಾ ಮಾಡ್ತಿದ್ದಿದ್ದು ನಾನೇ. ಕೆಲಸ ಗಿಲಸ ಏನಿಲ್ಲ. ನಿಮ್ಮ ಫೋನಿನ ಹಾಡು ಕೇಳೋಕೆ ಅಷ್ಟೆ. ತಪ್ಪಾಯ್ತು ಅಂಕಲ್."

ಆ ಕಡೆ ದನಿಯ ಕೋಟು ಕಳಚಿತು. ಆಮೇಲೆ ಪಿಸುದನಿ: "ಹಾಡಾ? ಯಾವ ಹಾಡೋ?"

ಕಾಲರ್ ಟ್ಯೂನು ಕರೆದವರಿಗೆ ಕೇಳುತ್ತದೆಯೇ ಹೊರತು ಒಡೆಯನಿಗಲ್ಲವಲ್ಲ. ಯಾವುದೋ ಗುಂಡಿ ಒತ್ತಿ ಹಾಡು ಹಾಕಿಸಿಕೊಂಡದ್ದೇ ಅವರಿಗೆ ಗೊತ್ತಿರಲಿಲ್ಲ.

"ನನ್ನ ಕಾಲು ಮುರಿದ ಹಾಡು ನಾನೂ ಕೇಳಬೇಡ್ವೇನೋ? ಹಾಡು."

"ಆಫೀಸಲ್ಲಿದೀನಿ ಅಂಕಲ್..."

"ನಾನು ಪ್ಲಾಸ್ಟರಲ್ಲಿದೀನಿ."

ವಿನಾಯಕ ಹಾಡಿದ. ಕತ್ತೆಗಳು ತಮ್ಮ ಕಂಠಕ್ಕಾಗಿ ದೇವರಿಗೆ ಕೈ ಮುಗಿಯಬೇಕು, ಅಂಥ ಹಾಡು. ಸುತ್ತಲಿನ ಬಂಗಾಳಿ ತಲೆಗಳೆಲ್ಲ ಕ್ಯೂಬಿಕಲ್‌ಗಳ ಮೇಲೆದ್ದವು. ಪಲ್ಲವಿಗೆ ನಿಲ್ಲಿಸಿದ.

"ನಿಲ್ಲಿಸಬೇಡ್ವೋ," ಮತ್ತೆ ಪಿಸುದನಿ. "ಕಂಪನಿ ಫೋನು ಅಂತ ನಿಮ್ಮಾಂಟಿ ಬಾಗಿಲಲ್ಲಿ ಕೈ ಮುಗಿದು ನಿಂತಿದಾಳೆ." ಮರುಕ್ಷಣ ದನಿ ಏರಿತು: "ಯೆಸ್ ಸರ್! ಯೆಸ್ ಸರ್!"

ಆ ‘ಸರ್’ ವಿನಾಯಕನಿಗೆ ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚಿರಲಿಲ್ಲ. ಗಂಟಲು ಸರಿಮಾಡಿಕೊಂಡು ಚರಣ ಎತ್ತಿಕೊಂಡ.