ಕಂಪನಿಯ ಅಳಿಯ

ನಮ್ಮತ್ತೆಯ ಬಾಯಿ ಎಂದರೆ ಇಡೀ ಬೀದಿಗೆ ಭಯ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂಬ ಗಾದೆ ಅವರನ್ನು ನೋಡಿಯೇ ಹುಟ್ಟಿರಬೇಕು ಎಂದು ನನ್ನ ಗಂಡ ಗೇಲಿ ಮಾಡುತ್ತಿದ್ದ. ಇಸ್ತ್ರಿ ಸರಿಯಿಲ್ಲ ಎಂದು ಜಗಳಕ್ಕೆ ಬಂದ ಗಿರಾಕಿ, ಆ ಬಾಯಿಗೆ ಸಿಕ್ಕಿದ ಮೇಲೆ ತಾನೇ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಅಂಥ ಬಾಯಿ, ಬೇಕಾದ ದಿನವೇ ಕೈಕೊಟ್ಟಿತು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮದು ಬಟ್ಟೆ ಒಗೆಯುವ ಮನೆ. ಹಿತ್ತಲಲ್ಲಿ ಬಾವಿ, ಪಕ್ಕದಲ್ಲೇ ಒಗೆಯುವ ಕಲ್ಲು, ಒಣಹಾಕಲು ಸಾಲುಸಾಲು ಹಗ್ಗ, ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಮೇಜುಬಟ್ಟೆ ಎಲ್ಲ ನಮ್ಮಲ್ಲಿಗೇ ಬರುತ್ತಿದ್ದವು. ಬೀದಿಯ ಆಚೆ ತುದಿಯಲ್ಲಿ ಗಣಿ. ಗುಂಡಿ ಆಳವಾದಷ್ಟೂ ಅದರೊಳಗೆ ನೀರು ಜಿನುಗುತ್ತದೆ. ಕಂಪನಿಯವರು ಪಂಪು ಹಚ್ಚಿ ಅದನ್ನು ಎಳೆದು ಹೊರಗೆ ಹಾಕುತ್ತಾರೆ. ಎಲ್ಲಿಯ ನೀರು ಅದು? ಸುತ್ತಮುತ್ತಲ ಬಾವಿಗಳದ್ದೇ. ಗಣಿಯ ಆ ಮಗ್ಗುಲಿನ ಬೀದಿಯಲ್ಲಿ ಆಗಲೇ ಒಂದು ಬಾವಿಯಲ್ಲೂ ಹನಿ ನೀರಿರಲಿಲ್ಲ, ಅಲ್ಲಿಯವರೆಲ್ಲ ಮನೆ ಬಿಟ್ಟು ಹೋಗಿದ್ದರು. ನಮ್ಮ ಬಾವಿಗೂ ವರ್ಷ ವರ್ಷ ಉದ್ದದ ಹಗ್ಗ ತರಬೇಕಾಗುತ್ತಿತ್ತು. ಇನ್ನು ಗುಂಡಿಯನ್ನು ನಮ್ಮ ಕಡೆಗೇ ಅಗಲ ಮಾಡುತ್ತಾರೆ ಎಂಬ ಸುದ್ದಿ ಬಂದಾಗ, ಬೀದಿಯವರೆಲ್ಲ ನಮ್ಮ ಅಂಗಳದಲ್ಲಿ ಸೇರಿ ಕೂಗಾಡಿದ್ದೇ ಕೂಗಾಡಿದ್ದು.

ಆಗ ಕಂಪನಿಯವರು ಆ ಹುಡುಗನನ್ನು ಕಳಿಸಿದರು. ಅಕ್ಕಪಕ್ಕದ ಜನರ ಜೊತೆ ಒಳ್ಳೆಯ ಸಂಬಂಧ ಬೆಳೆಸುವುದು ಅವನ ಕೆಲಸವಂತೆ. ಅಯ್ಯೋ, ಸಂಬಂಧ ಬೆಳೆಸೋದಕ್ಕೂ ಸಂಬಳ ಕೊಡ್ತಾರಾ ಎಂದು ನಾನು ನಕ್ಕಿದ್ದೆ. ಬಂದವನು ಕುರ್ಚಿ ಬೇಡವೆಂದು ಬಟ್ಟೆಗಂಟಿನ ಮೇಲೆ ಕೂತ. ಅತ್ತೆ "ನಿಮ್ಮ ಕಂಪನಿಗೆ ಬೆಂಕಿ ಬೀಳ" ಎಂದು ಶುರು ಮಾಡಿ ಗಂಟಲು ಒಣಗುವ ತನಕ ಬೈದರು. ಅವನು ಮಧ್ಯೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡು, "ನೀವು ಹೇಳೋದು ಸರಿಯಾಗೇ ಇದೆ ಅಮ್ಮ" ಎಂದ. ಎದುರು ಮಾತಾಡುವವರನ್ನು ಮಾತ್ರ ಕಂಡಿದ್ದ ಅತ್ತೆಗೆ ಮುಂದೇನು ಬೈಯಬೇಕೋ ತೋಚಲಿಲ್ಲ.

ಅಲ್ಲಿಂದ ವಾರಕ್ಕೊಮ್ಮೆಯಾದರೂ ಬರುತ್ತಿದ್ದ. ನಾನು ಒದ್ದೆ ಹಾಸಿಗೆ ಬಟ್ಟೆ ಹಿಂಡುವಾಗ ಇನ್ನೊಂದು ತುದಿ ಹಿಡಿದು ತಿರುಚುತ್ತಿದ್ದ. ಲಾರಿಗಳು ಬೀದಿಯಲ್ಲಿ ನಿಧಾನಕ್ಕೆ ಹೋಗುವಂತೆ ಮಾಡಿದ, ಧೂಳಿಗೆ ನೀರು ಹೊಡೆಸಿದ. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಹುಡುಗನೇ. ಬಾಡಿಗೆ ಕೋಣೆಯಲ್ಲಿ ಜ್ವರ ಬಂದು ಒಬ್ಬನೇ ಬಿದ್ದಿದ್ದಾಗ ಅತ್ತೆ ಹೋಗಿ ಕರೆದುಕೊಂಡು ಬಂದು, ತಮ್ಮ ಮಂಚ ಅವನಿಗೆ ಬಿಟ್ಟುಕೊಟ್ಟು, ನೆಲದ ಮೇಲೆ ಮಲಗಿ ಆರೈಕೆ ಮಾಡಿದರು. ಬೀದಿಯವರು ಅವನಿಗೆ ಕಂಪನಿಯ ಅಳಿಯ ಎಂದೇ ಹೆಸರಿಟ್ಟರು. ಅಳಿಯ ಎಂದ ಮೇಲೆ ಮುಗಿಯಿತಲ್ಲ. ಬಂದರೆ ಬಾಗಿಲು ತೆಗೆಯಬೇಕು, ಟೀ ಕೊಡಬೇಕು, ಮನಸ್ಸು ನೋಯಿಸಬಾರದು.

ಕಡೆಗೆ ಗುಂಡಿ ಅಗಲಿಸಲು ಅನುಮತಿ ಕೊಡುವ ಮುಂಚೆ ಸರ್ಕಾರದವರು ಶಾಲೆಯ ಸಭಾಂಗಣದಲ್ಲಿ ಸಭೆ ಇಟ್ಟರು. ನೀರಿನ ಬಗ್ಗೆ ಒಂದು ಬೀದಿಯಿಂದ ತಕರಾರು ಬಂದರೂ ಸಾಕು, ಬಾವಿಗಳ ಪರೀಕ್ಷೆ ಮುಗಿಯುವ ತನಕ ಕೆಲಸ ನಿಲ್ಲಿಸುತ್ತಾರೆ ಎಂದು ಗೊತ್ತಾಯಿತು. ಬೀದಿಗೆ ಒಬ್ಬರೇ ಮಾತಾಡಬೇಕು. ನಮ್ಮ ಬೀದಿಗೆ ಅತ್ತೆಯಲ್ಲದೆ ಇನ್ಯಾರು? "ನೀರಿಳಿಸಿಬಿಡ್ತೀನಿ ನೋಡ್ತಿರು" ಎಂದು ಅತ್ತೆ ಇಸ್ತ್ರಿ ಹಾಕುತ್ತಲೇ ಭಾಷಣ ಅಭ್ಯಾಸ ಮಾಡುತ್ತಿದ್ದರು.

ಸಭೆಯ ಹಿಂದಿನ ಸಂಜೆ ಹುಡುಗ ಬಂದ. ಟೀ ಲೋಟ ಕೈಯಲ್ಲೇ ಆರುತ್ತಿತ್ತು.

"ಈ ಬೀದಿಯಿಂದ ಒಂದು ತಕರಾರು ಬಂದ್ರೂ ನಿನ್ನ ಕೆಲಸ ಇಲ್ಲ ಅಂತ ಮೇಲಿನವರು ಹೇಳಿದಾರೆ ಅಮ್ಮ. ಊರಲ್ಲಿ ಹೆಂಡತಿ ತುಂಬು ಬಸುರಿ. ಹಾಗಂತ ನೀವು ಸುಮ್ಮನಿರಿ ಅಂತ ಕೇಳೋಕೆ ಬಂದಿಲ್ಲ. ನೀವು ಹೇಳಬೇಕಾದ್ದನ್ನ ಹೇಳಿ."

ಹೇಳಿ ಎಂದನಲ್ಲ, ಅದೇ ಮುಳುವಾಯಿತು. ಹೇಳಬೇಡಿ ಎಂದಿದ್ದರೆ ನಮ್ಮತ್ತೆ ಶಾಲೆಯ ಹೆಂಚು ಹಾರುವ ಹಾಗೆ ಹೇಳುತ್ತಿದ್ದರು.

ಮಾರನೆಯ ದಿನ ಅತ್ತೆಯ ಸರದಿ ಬಂದಾಗ ಮೈಕು ತಂದು ಹಿಡಿದವನೂ ಅವನೇ. ಅತ್ತೆ ಎದ್ದು ನಿಂತು "ಸ್ವಾಮಿ, ನಮ್ಮ ನೀರು" ಎಂದರು. ಅವನ ಮುಖ ನೋಡಿದರು. ಅವನು ನೆಲ ನೋಡಿದ.

"ಈ ಹುಡುಗ ಒಳ್ಳೆಯವನು ಸ್ವಾಮಿ. ನಮ್ಮನ್ನ ಮನೆಯವರ ಥರ ನೋಡ್ಕೊಂಡಿದಾನೆ. ಇವನ ಹೊಟ್ಟೆ ಮೇಲೆ ಹೊಡೀಬೇಡಿ."

ಅಷ್ಟೇ. ಅವನ ಕೆನ್ನೆ ಸವರಿ ಕೂತುಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಕಂಪನಿಯವರು ಚಪ್ಪಾಳೆ ತಟ್ಟಿದರು, ಯಾರೋ ಫೋಟೋ ತೆಗೆದರು. ನಾನು ಎದ್ದು "ಬಾವಿ ವಿಷಯ ಹೇಳಿ ಅತ್ತೆ, ಬಾವಿ ವಿಷಯ!" ಎಂದು ಕಿರುಚಿದೆ.

"ನಿಮ್ಮ ಬೀದೀದು ಆಯ್ತಲ್ಲಮ್ಮ, ಕೂತ್ಕೊಳ್ಳಿ," ಎಂದರು ಸರ್ಕಾರದವರು. ಮೈಕು ಆಗಲೇ ಮುಂದಿನ ಬೀದಿಗೆ ಹೋಗಿತ್ತು. ಆ ಬೀದಿಯವರಿಗೆ ನೀರಿನ ಚಿಂತೆ ಇರಲಿಲ್ಲ, ಅವರು ಬಸ್ಸು ಕೇಳಿದರು.

ಮನೆಗೆ ಬಂದು ನಾನು ಬಕೆಟ್ಟು ಎತ್ತಿ ಎಸೆದೆ. "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋರು ಯಾರು ಅತ್ತೆ?"

"ಹೆರೋಳು ಅವನ ಹೆಂಡತಿ ಕಣೇ," ಎಂದರು ಅತ್ತೆ. "ಕೆಲಸ ಇಲ್ದಿರೋ ಗಂಡನ್ನ ಕಟ್ಕೊಂಡು ಎಲ್ಲಿ ಹೆರ್ತಾಳೆ ಅವಳು? ಬಾವಿ ನೀರು ಇವತ್ತೇ ಬತ್ತಿ ಹೋಗುತ್ತಾ?"

ಅವತ್ತೇ ಬತ್ತಲಿಲ್ಲ, ನಿಜ. ಅನುಮತಿ ಸಿಕ್ಕಿತು, ಗುಂಡಿ ನಮ್ಮ ಕಡೆಗೆ ಬಂತು, ಬಿಂದಿಗೆಯಲ್ಲಿ ಕೆಸರು ಬರತೊಡಗಿತು. ಆಸ್ಪತ್ರೆಯವರು ಕಂದು ಕಲೆಯ ಬಟ್ಟೆಗಳನ್ನು ವಾಪಸು ತಂದು ಹಾಕಿದರು, ಬೇರೆ ಕಡೆ ಕೊಡತೊಡಗಿದರು. ಆಮೇಲೆ ಒಂದು ದಿನ ಬಿಂದಿಗೆ ತಳಕ್ಕೆ ಬಡಿದು ಠಣ್ ಎಂದಿತು. ಅತ್ತೆ ಕಟ್ಟೆಯ ಮೇಲೆ ಬಗ್ಗಿ ಬಹಳ ಹೊತ್ತು ಒಳಗೆ ನೋಡುತ್ತಲೇ ಇದ್ದರು. ನನ್ನ ಗಂಡ ಕೂಲಿ ಹುಡುಕಿಕೊಂಡು ಬೇರೆ ಊರಿಗೆ ಹೋದ.

ಹುಡುಗನಿಗೆ ಬಡ್ತಿ ಸಿಕ್ಕಿತು. ಜನರ ಜೊತೆ ಇಷ್ಟು ಚೆನ್ನಾಗಿ ಹೊಂದಿಕೊಂಡವರು ಇನ್ನೊಬ್ಬರಿಲ್ಲ ಎಂದು ಕಂಪನಿಯವರು ದೂರದ ಹೊಸ ಗಣಿಗೆ ಕಳಿಸಿದರಂತೆ. ಹೋಗುವ ಮುಂಚೆ ಬಂದು ಬಾಗಿಲಲ್ಲಿ ನಿಂತು ಅತ್ತ. ಒಳಗೆ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಅತ್ತೆ ಮಾತ್ರ "ಮಗು ಹೆಣ್ಣೋ ಗಂಡೋ?" ಎಂದು ಕೇಳಿದರು. ಹೆಣ್ಣು ಎಂದ. ನಮ್ಮ ಬಾವಿಯ ವಿಷಯ ಅವನೂ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ.

ಕಂಪನಿಯ ಟ್ಯಾಂಕರು ತಂದು ಸುರಿಯುವ ನೀರು ಕುಡಿಯಲು, ಅಡುಗೆಗೆ ಸಾಕು, ಒಗೆಯಲು ಎಲ್ಲಿಂದ ಬರಬೇಕು? ಈಗ ನಾನೂ ಅತ್ತೆಯೂ ಗಣಿಯ ಕಾಂಪೌಂಡಿನೊಳಗೇ ಕೂಲಿಗೆ ಹೋಗುತ್ತೇವೆ, ಕೆಲಸಗಾರರ ಮಣ್ಣು ಮೆತ್ತಿದ ಬಟ್ಟೆ ಒಗೆಯಲು. ಅಲ್ಲಿ ನೀರಿಗೇನು ಬರ? ಗುಂಡಿಯಿಂದ ಎತ್ತಿದ ನೀರು ದಪ್ಪ ಪೈಪಿನಲ್ಲಿ ಧೋ ಎಂದು ಬೀಳುತ್ತದೆ. ತಣ್ಣಗೆ, ಸಿಹಿಯಾಗಿ, ನಮ್ಮ ಬಾವಿಯ ನೀರೇ. ಮೊದಲ ದಿನ ಅತ್ತೆ ಬೊಗಸೆಯಲ್ಲಿ ಹಿಡಿದು ಕುಡಿದು ನೋಡಿ, ಸೋಪು ಹಚ್ಚತೊಡಗಿದರು. ಆ ಬಾಯಿ ಈಗ ಊಟಕ್ಕೆ ಮಾತ್ರ ತೆರೆಯುತ್ತದೆ.

ಕಳೆದ ತಿಂಗಳು ಗೇಟಿನ ಪಕ್ಕದ ಗೋಡೆಗೆ ಆಳೆತ್ತರದ ಚಿತ್ರ ಅಂಟಿಸಿದರು. ಶಾಲೆಯ ಸಭಾಂಗಣ, ಮೈಕು, ಹುಡುಗನ ಕೆನ್ನೆ ಸವರುತ್ತಿರುವ ಅತ್ತೆ. ಕೆಳಗೆ ದಪ್ಪಕ್ಷರದಲ್ಲಿ: ನಾವೆಲ್ಲ ಒಂದೇ ಮನೆಯವರು. ನೋಡಿದ್ದೇ ತಡ, ನನ್ನ ರಕ್ತ ಕುದಿಯಿತು. ದಾರ ಕತ್ತರಿಸುವ ಕತ್ತರಿ ನನ್ನ ಚೀಲದಲ್ಲೇ ಇತ್ತು. ಕಾವಲಿನವನು ಆ ಕಡೆ ತಿರುಗಿದ್ದ. ಕತ್ತರಿ ಎತ್ತಿ ಮೂಲೆಯ ಕಾಗದಕ್ಕೆ ಹಾಕಿದ್ದೆ, ಅಷ್ಟರಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಬೇಡ ಕಣೇ."

"ನಿಮ್ಮನ್ನ ಗೋಡೆಗೆ ಅಂಟಿಸಿ ಮೆರೀತಿದಾರೆ ಅತ್ತೆ! ನಾಚಿಕೆ ಆಗಲ್ವಾ ನಿಮಗೆ?"

"ಹರಿದ್ರೆ ಅವನ ಮುಖಾನೂ ಹರಿಯುತ್ತಲ್ಲೇ."

ಲಾರಿಗಳ ಕೆಂಪು ಧೂಳು ಆಗಲೇ ಚಿತ್ರದ ತುಂಬ ಕೂತಿತ್ತು. ಅತ್ತೆ ಕೈಯಲ್ಲಿದ್ದ ಬಟ್ಟೆಯಿಂದ ಹುಡುಗನ ಮುಖ ಒರೆಸಿದರು. ತಮ್ಮ ಮುಖವನ್ನು ಹಾಗೇ ಬಿಟ್ಟು, ಪಾಸು ತೋರಿಸಿ ಒಳಗೆ ಹೋದರು.