ಗಂಗವ್ವನ ಕಲ್ಲು ಇಳಿದ ದಾರಿ

ಎಂ.ಎಸ್ಸಿ. ಓದುವ ಹುಡುಗಿ ಕಲಬುರಗಿಯ ಬಿಸಿಲಿನಲ್ಲಿ ಎರಡು ತಿಂಗಳು ಗಟಾರ ಅಳೆಯುತ್ತಾಳಂತೆ ಎಂದು ನಕ್ಕವರು ಬಹಳ. ನಗಲಿ ಬಿಡಿ, ನಗುವುದಕ್ಕೇನು ಖರ್ಚು! ಕಮಲಾಪುರದ ಶೇವಂತಾಗೆ ೧೯೯೮ರ ಬೇಸಿಗೆಯಲ್ಲಿ ಸಂಶೋಧನಾ ಫೆಲೋಶಿಪ್ ಸಿಕ್ಕಿತ್ತು. ನೆಹರು ಗಂಜ್ ಪೇಟೆಯ ಹಿಂದಿನಿಂದ ಬರುವ ಹಳೆಯ ನಾಲೆಯ ಹೂಳು ತೆಗೆದು ಅದಕ್ಕೆ ಮತ್ತೆ ಜೀವ ಕೊಡುವ ಯೋಜನೆ ಅದು. ಮಳೆಗಾಲದ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ನಕ್ಷೆಯ ಮೇಲೆ ಕೆಂಪು ಗೆರೆ ಎಳೆಯುವುದು ಅವಳ ಪಾಲಿನ ಕೆಲಸ. ಗೆರೆಯ ಕೆಳಗಿನ ಮನೆಗಳಿಗೆ ಬೇರೆ ಕಡೆ ಜಾಗ, ಮೇಲಿನವು ಇದ್ದಲ್ಲೇ ಇರಬಹುದು. ಆಚೆ ದಂಡೆಯ ಬಡಾವಣೆಯನ್ನು ಕಾಯಲು ಆಗಲೇ ಗೋಡೆ ಏಳುತ್ತಿತ್ತು.

ಈಚೆ ದಂಡೆಯಲ್ಲಿ ಹದಿನಾಲ್ಕು ಮನೆ. ಒಂದು ಅವಳ ಚಿಗವ್ವ ಪುತಳಾಬಾಯಿಯದು, ಶೇವಂತಾ ಉಳಿದದ್ದೂ ಅಲ್ಲೇ.

"ಚಿಗವ್ವಾ, ಇಲ್ಲಿ ನೀರು ಎಲ್ಲೀತನಕ ಬರ್ತದ?"

"ಗಂಗವ್ವನ ಕಲ್ಲಿನ ತನಕ. ಅದರ ಮ್ಯಾಲ ಒಂದು ಗೇಣೂ ಬರಂಗಿಲ್ಲ. ಬೇಕಾದ್ರ ಓಣಿ ಮಂದೀನ್ನ ಕೇಳು."

ಕೇಳಿದಳು. ಹದಿನಾಲ್ಕು ಮನೆಯವರೂ ಅದನ್ನೇ ಹೇಳಿದರು. ಹಿಂದೆಂದೋ ಮಹಾಪೂರ ಬಂದಾಗ ನೀರು ನಿಂತಲ್ಲಿ ಹಿರಿಯರು ನೆಟ್ಟ ಕಲ್ಲಂತೆ ಅದು. ಈಗ ನಾಲೆಯ ಅಂಚಿನಲ್ಲಿ ಕುಂಕುಮ ಮೆತ್ತಿಕೊಂಡು ಕುಳಿತಿತ್ತು. ಕಚೇರಿಯಲ್ಲಿ ಹಳೆಯ ದಾಖಲೆ ಒಂದೂ ಇರಲಿಲ್ಲ. ಶೇವಂತಾ ಕಲ್ಲನ್ನೇ ನಂಬಿ ಗೆರೆ ಎಳೆದಳು.

"ಮಂದಿ ನೆನಪನ್ನ ಅಳತಿಗೋಲು ಮಾಡೀದಿ, ಶಾಬಾಸ್!" ಎಂದರು ಅವಳ ಮಾರ್ಗದರ್ಶಕ ರಾಘವೇಂದ್ರ ಸರ್. ಹದಿನಾಲ್ಕೂ ಬಾಗಿಲಿಗೆ 'ಈ ಮನೆ ಸುರಕ್ಷಿತ' ಎಂಬ ಚೀಟಿ ಬಿತ್ತು, ಕೆಳಗೆ ಅವಳದೇ ಸಹಿ. ಮನೆ ಉಳಿಯಿತೆಂದು ಪುತಳಾಬಾಯಿ ಓಣಿಗೆಲ್ಲ ಹೋಳಿಗೆ ಹಂಚಿದಳು.

ವರದಿ ಒಪ್ಪಿಸಿದ ಮೇಲೆ ಶೇವಂತಾ ಕಮಲಾಪುರಕ್ಕೆ ಹೋದಳು. ಅಪ್ಪ ಪೀರಪ್ಪ ಹುಟ್ಟಿ ಬೆಳೆದದ್ದು ಅದೇ ಓಣಿಯಲ್ಲಿ. ಈಗ ಕಮಲಾಪುರದ ಕೆಂಪು ಬಾಳೆ ತೋಟದಲ್ಲಿ ದುಡಿಯುತ್ತಿದ್ದ. ಮಗಳ ನಕ್ಷೆಯನ್ನು ಹಿಗ್ಗಿನಿಂದ ನೋಡುತ್ತಿದ್ದವನ ಬೆರಳು ಒಂದು ಕಡೆ ನಿಂತಿತು.

"ಇದೇನವ್ವಾ, ಗಂಗವ್ವ ಇಷ್ಟು ಕೆಳಗ ಬಂದಾಳ?"

"ಆಕಿ ಅಲ್ಲೇ ಅದಾಳಲ್ಲಪ್ಪಾ, ನಾಲಾದ ದಂಡ್ಯಾಗ."

"ನಾ ಸಣ್ಣಾಂವಿದ್ದಾಗ ಬೇವಿನ ಗಿಡದ ಬುಡಕ್ಕಿದ್ಳು."

ಬೇವಿನ ಗಿಡ ಇರುವುದು ಮನೆಗಳಿಗಿಂತ ಮೇಲೆ, ರಸ್ತೆಯ ಪಕ್ಕ.

"ನಾಲಾ ಬತ್ತಿದಂಗೆಲ್ಲ ನೀರು ದೂರ ಆತು. ಗಂಗವ್ವಗ ನೀರಿನ ಸಪ್ಪಳ ಕೇಳಬೇಕು ಅಂದ್ರು ಹೆಣ್ಮಕ್ಕಳು. ವರ್ಷಾ ವರ್ಷಾ ಪೂಜಿ ದಿನ ನಾಕು ಮಾರು ಕೆಳಗ ಒಯ್ತಿದ್ವಿ. ನಾನೂ ಹೊತ್ತೀನಿ. ಆಗ ಓಣಿ ಮನಿ ಎಲ್ಲಾ ಗಿಡದ ಮ್ಯಾಲಕ್ಕಿದ್ವು, ಈ ಕೆಳಗಿನ ಮನಿ ಕಟ್ಟಿದ್ದೆಲ್ಲ ಆಮ್ಯಾಲ."

ಶೇವಂತಾ ನಕ್ಷೆ ಎಳೆದುಕೊಂಡು ಬೇವಿನ ಗಿಡದ ಜಾಗ ಹುಡುಕಿದಳು. ನೀರು ನಿಂತ ಗುರುತನ್ನೇ ಜನ ಭಕ್ತಿಯಿಂದ ಹೊತ್ತು ಕೆಳಗಿಳಿಸಿದ್ದರು. ಪಾಪ, ಸುಳ್ಳು ಯಾರೂ ಹೇಳಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಕಲಬುರಗಿಯ ಜೇವರ್ಗಿ ಕಾಲೋನಿಗೆ, ಸರ್ ಮನೆಗೆ ಓಡಿದಳು. ಕೇಳಿ ಅವರ ಮುಖ ಸಣ್ಣಗಾಯಿತು.

"ವರದಿ ಮಂಜೂರಾಗ್ಯದ ತಂಗೀ. ಆಚಿಕಡಿ ಗ್ವಾಡಿನೂ ಮುಗೀಲಿಕ್ಕೆ ಬಂದದ. ನಾ ಪತ್ರ ಬರೀತೀನಿ. ಆದ್ರ ಈ ಮಳಿಗಾಲಕ್ಕ ಯಾರೂ ಗೆರಿ ತಿದ್ದಂಗಿಲ್ಲ."

"ಆ ಗ್ವಾಡಿಗೆ ಬಡದ ನೀರು ಎಲ್ಲಿಗೆ ಹೋಗ್ತದ್ರೀ, ಸರ್?"

"ಈಚಿ ದಂಡಿಗೆ," ಎಂದು ಸರ್ ಪತ್ರಕ್ಕೆ ಹಾಳೆ ತೆಗೆದರು.

ಚಿಗವ್ವನ ಮುಂದೆ ಅವಳು ಅತ್ತೇಬಿಟ್ಟಳು. "ತಪ್ಪು ನಂದು. ಮನಿ ಬಿಟ್ಟು ನಡೀರಿ, ಕೈ ಮುಗೀತೀನಿ."

"ಹುಚ್ಚಿ! ಕಲ್ಲು ಒಯ್ದೀವಿ, ಇಲ್ಲ ಅಂದವರ್ಯಾರು? ಗಂಗವ್ವ ಎಲ್ಲಿ ಕುಂತ್ರೂ ಗಂಗವ್ವನ. ನೀರು ಆಕೀನ್ನ ದಾಟತದೇನು?" ಪುತಳಾಬಾಯಿ ಬಾಗಿಲ ಚೀಟಿಗೆ ಬೆರಳು ಮಾಡಿದಳು. "ಮತ್ತ ಇದೇನು? ಈ ಸಹಿ ನಿಂದಲ್ಲೇನು?"

ಉಳಿದ ಹದಿಮೂರು ಬಾಗಿಲನ್ನೂ ಬಡಿದಳು. ಎಲ್ಲ ಕಡೆ ಅದೇ ಚೀಟಿ, ಅದೇ ನಗು. ನಿನ್ನೆ ಒಂದು, ಇವತ್ತು ಒಂದು ಹೇಳುವವಳ ಮಾತಿಗೆ ಮನೆ ಯಾರು ಬಿಡುತ್ತಾರೆ? ಶೇವಂತಾ ಊರಿಗೆ ಹೋಗಲಿಲ್ಲ. ಚಿಗವ್ವನ ಮನೆಯಲ್ಲೇ ಉಳಿದು ದಿನಾ ಮುಗಿಲು ನೋಡುತ್ತಿದ್ದಳು.

ಮೃಗಶಿರ ಮಳೆ ಹಿಡಿದ ಎರಡನೆಯ ದಿನ, ಮಧ್ಯಾಹ್ನ, ಒಂದು ಗಳಿಗೆ ಮಳೆ ನಿಂತಿತು. ಹೆಂಗಸರು ಆರತಿ ತಟ್ಟೆ ಹಿಡಿದು ನಾಲೆಗೆ ಇಳಿದರು. ನೀರು ಸರಿಯಾಗಿ ಕಲ್ಲಿನ ಬುಡ ಮುಟ್ಟಿ ನಿಂತಿತ್ತು.

"ನೋಡಿದ್ಯಾ? ನಿನ್ನ ಗೆರಿ ಖರೇ ಆತು!" ಪುತಳಾಬಾಯಿಯ ಮುಖ ಅರಳಿತ್ತು.

ಶೇವಂತಾ ನಾಲೆ ಬರುವ ಮೇಲುಗಡೆಗೆ ನೋಡಿದಳು. ಗಂಜಿನ ದಿಕ್ಕಿನಲ್ಲಿ ಮುಗಿಲು ಕಪ್ಪಗಿತ್ತು, ಅಲ್ಲಿ ಮಳೆ ನಿಂತಿರಲಿಲ್ಲ. ಆಚೆಯ ಹೊಸ ಗೋಡೆಗೆ ನೀರು ಬಡಿದು ಈಚೆಗೆ ತಿರುಗುತ್ತಿತ್ತು. ಕಲ್ಲಿನ ಕುಂಕುಮ ಕರಗಿ, ಕೆಂಪು ನೀರು ಮನೆಗಳ ಕಡೆಗೆ ಏರತೊಡಗಿತ್ತು.

"ಚಿಗವ್ವಾ, ನಡಿ! ಬೇವಿನ ಗಿಡಕ್ಕ ನಡೀರಿ ಎಲ್ಲಾರೂ!" ಅವಳು ಕೈ ಹಿಡಿದು ಜಗ್ಗಿದಳು.

ಪುತಳಾಬಾಯಿ ಕೈ ಬಿಡಿಸಿಕೊಂಡು ಕರ್ಪೂರ ಹಚ್ಚಿದಳು. ನೀರು ಆಗಲೇ ಕಲ್ಲನ್ನೂ ಅವಳ ಹಿಮ್ಮಡಿಯನ್ನೂ ದಾಟಿ ಹಿಂದಕ್ಕೆ ಹೋಗಿತ್ತು.

"ತಡಿಯವ್ವಾ," ಎಂದಳು, "ಆರತಿ ಮುಗೀಲಿ."